ಡಾಕ್ಟ್ರು ಅದಾರೇನ್ರೀ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ಐದೂ ಊರುಗಳನ್ನು ಒಂದೇ ಉಸಿರಿಗೆ ಹೇಳುವವರು ಇಬ್ಬರೇ. ಒಬ್ಬ ಬಸ್ ಕಂಡಕ್ಟರು, ಇನ್ನೊಬ್ಬರು ಹಳೇ ಕಾಲದ ಡಾಕ್ಟರು. ಕಂಡಕ್ಟರಿಗೆ ಅವು ಸ್ಟೇಜುಗಳು, ಡಾಕ್ಟರಿಗೆ ರೋಗಿಗಳು ಬರುವ ದಿಕ್ಕುಗಳು. ಕಂಡಕ್ಟರ ಕಥೆ ಈಗ ಬೇಡ, ಅದಕ್ಕೆ ಬೇರೆಯೇ ಒಂದು ಸಂಜೆ ಬೇಕು.

ಹಳೇ ಕಾಲ ಅಂದರೆ ಯಾವುದು ಅಂತೀರಾ? ಡಾಕ್ಟರ ಬೋರ್ಡಿನ ಮೇಲೆ ಎಲ್.ಎಂ.ಪಿ. ಅಂತ ಬರೆದಿರುತ್ತಿದ್ದ ಕಾಲ. ನಮ್ಮ ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೂ ಮದರಾಸಿನದಾಗಿತ್ತಲ್ಲ, ಹಾಗಾಗಿ ಡಾಕ್ಟರಿಕೆ ಅಂದರೆ ಮದರಾಸಿನ ಕಡೆಗೇ ಮುಖ. ಅಲ್ಲಿ ರಾಯಪುರಂನ ಮೆಡಿಕಲ್ ಸ್ಕೂಲು ಇಂಥ ಲೈಸೆನ್ಸಿನ ಡಾಕ್ಟರುಗಳನ್ನು ತಯಾರು ಮಾಡುತ್ತಿತ್ತು. ಅದೇ ಮುಂದೆ 1938ರಲ್ಲಿ ಸ್ಟ್ಯಾನ್ಲಿ ಕಾಲೇಜಾಯಿತು. ಡಿಗ್ರಿ ಪಡೆದವರು ಇವರನ್ನು ಒಂದು ಮೆಟ್ಟಿಲು ಕೆಳಗೇ ಕೂರಿಸುತ್ತಿದ್ದರು. ಕೂರಿಸಲಿ ಬಿಡಿ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ದೇಶದ ಸುಮಾರು 47 ಸಾವಿರ ಡಾಕ್ಟರುಗಳಲ್ಲಿ 30 ಸಾವಿರದಷ್ಟು ಮಂದಿ ಈ ಕೆಳಗಿನ ಮೆಟ್ಟಿಲಿನವರೇ. ಇನ್ನು ಈ ಓದು ಸಾಕು, ಎಲ್ಲರೂ ಎಂ.ಬಿ.ಬಿ.ಎಸ್. ಆಗಲಿ ಅಂತ ಸಮಿತಿ ಹೇಳಿತು. ಆದರು. ಆಗಿ, ಬೆಂಗಳೂರಿನಲ್ಲಿ ಕೂತರು.

ಊರು ಯಾರಿಗೆ ಸೇರಿತ್ತು ಅಂದೆನಲ್ಲ, ಆ ಮಾತಿಗೆ ಹರಪನಹಳ್ಳಿಯದೇ ಒಂದು ಪುರಾಣ. ಮದರಾಸಿನಿಂದ ಮೈಸೂರಿಗೆ ಬಂತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, ಆಮೇಲೆ 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಕೂತಲ್ಲೇ ಕೂತು ಇಷ್ಟು ತಿರುಗಿದ ಊರು ಇನ್ನೊಂದಿದ್ದರೆ ತೋರಿಸಿ! ಹಾಸ್ಯಸಾಹಿತಿ ಬೀಚಿಯವರು 1913ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಈಗ ಇದ್ದಿದ್ದರೆ ಅವರು ಸೃಷ್ಟಿಸಿದ ತಿಂಮನಿಗೆ ಇದೊಂದೇ ಸಾಕಾಗುತ್ತಿತ್ತು. ನಗಿಸುವವರ ಮಾತು ಬಂದಾಗ ಇನ್ನೊಬ್ಬರನ್ನು ಬಿಡುವ ಹಾಗಿಲ್ಲ. ಬೆಂಗಳೂರಿನ ಡಾಕ್ಟರ್ ಎಂ. ಶಿವರಾಂ ‘ರಾಶಿ’ ಎಂಬ ಹೆಸರಿಟ್ಟುಕೊಂಡು 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಹೊರಡಿಸಿದರು. ರೋಗಿಗಳ ನಡುವೆ ಕೂತವರಿಗೆ ಹಾಸ್ಯ ಹುಡುಕಿಕೊಂಡು ಹೋಗುವ ಕಷ್ಟ ಎಲ್ಲಿಯದು? ಅದೇ ಬಾಗಿಲಿಗೆ ಬಂದು “ಡಾಕ್ಟ್ರು ಅದಾರೇನ್ರೀ?” ಅನ್ನುತ್ತದೆ.

ಬಂದವರ ಕೈಯಲ್ಲಿ ಒಂದು ಖಾಲಿ ಬಾಟಲಿ ಇರಲೇಬೇಕು. ಬಾಟಲಿ ಇಲ್ಲದೆ ಔಷಧಿ ಇಲ್ಲ. ಒಳಗೆ ಎಣ್ಣೆಯ ಜಿಡ್ಡು ಉಳಿದಿದೆ ಅಂತ ಕಾಂಪೌಂಡರು ಗೊಣಗುತ್ತಲೇ ಮಿಕ್ಸ್ಚರ್ ತುಂಬಿಸಿ, ಕಾಗದದ ಪಟ್ಟಿಯ ಅಂಚನ್ನು ಕಚ್ಚುಕಚ್ಚಾಗಿ ಕತ್ತರಿಸಿ ಬಾಟಲಿಗೆ ಅಂಟಿಸುತ್ತಿದ್ದ. ಒಂದು ಕಚ್ಚು, ಒಂದು ಹೊತ್ತು. ಓದು ಬಾರದವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ಔಷಧಿಯ ಹೆಸರು ಯಾರಿಗೆ ಬೇಕಿತ್ತು? “ಹೋದ್ ಸರ್ತಿ ಕೆಂಪಂದು ಕೊಟ್ಟಿದ್ರಲ್ರೀ ಯಪ್ಪಾ, ಅದಾ ಇರ್ಲಿ.” ಚಳಿಜ್ವರಕ್ಕೆ ಕ್ವಿನೈನು, ಬಾಯೆಲ್ಲ ಕಹಿ, ಕಹಿ ಇದ್ದಷ್ಟೂ ಡಾಕ್ಟರ ಮೇಲೆ ನಂಬಿಕೆ ಹೆಚ್ಚು. ಅದಕ್ಕಿಂತ ಹೆಚ್ಚಿನ ನಂಬಿಕೆ ಸೂಜಿಯ ಮೇಲೆ. ಗಾಜಿನ ಸಿರಿಂಜು ಕುದಿಯುವ ಸದ್ದು ಕೇಳಿದರೇ ಅರ್ಧ ಜ್ವರ ಇಳಿಯುತ್ತಿತ್ತು. ಅದೇ ಜನ, ತೇರು-ಜಾತ್ರೆಯ ಹೊತ್ತಿಗೆ ಸರ್ಕಾರದವರು ಕಾಲರಾ ಸೂಜಿ ಹಿಡಿದು ನಿಂತರೆ ಹೊಲದ ಬದುವಿನ ಮೇಲೆ ಸುತ್ತುಹಾಕಿ ಹೋಗುತ್ತಿದ್ದರು! ಬಿಟ್ಟಿ ಕೊಟ್ಟ ಸೂಜಿಗೆ ಏನು ಬೆಲೆ?

ಆದರೆ ಡಾಕ್ಟರೂ ಕೈಕಟ್ಟಿ ಕೂರಬೇಕಾದ ಒಂದು ಬೇನೆ ಇತ್ತು, ನಾರುಹುಣ್ಣು. ಈಗಿನ ಹುಡುಗರಿಗೆ ಹೇಳಿದರೆ ಕಟ್ಟುಕಥೆ ಅಂತಾರೆ. ಮೆಟ್ಟಿಲ ಬಾವಿಗೆ ಇಳಿದು ಕೊಡ ತುಂಬುವುದು ಈ ಬರದ ಸೀಮೆಯ ರೂಢಿ. ಆ ನೀರಿನ ಕಂಡೂ ಕಾಣದ ಹುಳದ ಹೊಟ್ಟೆಯೊಳಗೆ ನಾರುಹುಳದ ಮರಿ. ಕುಡಿದು ಹೆಚ್ಚುಕಡಿಮೆ ವರ್ಷವಾದ ಮೇಲೆ ಕಾಲಲ್ಲಿ ಬೊಕ್ಕೆ ಎದ್ದು, ಒಡೆದು, ಬಿಳೀ ದಾರ ಇಣುಕುತ್ತಿತ್ತು. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಬಾಯುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟು ಮಾತ್ರ ಎಳೆಯಬೇಕು. ಹುಳವೋ, ಎರಡು ಮೊಳ ಉದ್ದ! ಉರಿ ತಾಳದೆ ರೋಗಿ ಅದೇ ಬಾವಿಯ ನೀರಿಗೆ ಕಾಲಿಟ್ಟರೆ ಹುಳ ಅಲ್ಲೇ ಮರಿ ಹಾಕುತ್ತಿತ್ತು, ಊರಿಗೆಲ್ಲ ಮುಂದಿನ ವರ್ಷದ ಪಾಲು ಸಿದ್ಧ. ಮದ್ದಿಲ್ಲ, ಲಸಿಕೆಯಿಲ್ಲ. ಕೊನೆಗೆ ಅದನ್ನು ಓಡಿಸಿದ್ದು ಬೋರಿನ ಕೈಪಂಪು, ನೀರು ಸೋಸುವ ಬಟ್ಟೆ, ಬಾವಿಗೆ ಹಾಕಿದ ಔಷಧಿ. 1996ರ ನಂತರ ದೇಶದಲ್ಲಿ ಒಂದೂ ಕೇಸಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟನ್ನೂ ಕೊಟ್ಟಿತು. ಎಷ್ಟು ಬಾಟಲಿ ಮಿಕ್ಸ್ಚರಿಗೂ ಆಗದ ಕೆಲಸ ಒಂದು ತುಂಡು ಬಟ್ಟೆಗೆ ಆಯಿತು ನೋಡಿ. ಯಾವ ಡಾಕ್ಟರೂ ಇದಕ್ಕೆ ಬೇಜಾರು ಮಾಡಿಕೊಂಡಿರಲಿಕ್ಕಿಲ್ಲ.

ಫೀಜಿನ ಮಾತು ಕೇಳಲೇ ಇಲ್ಲ ನೀವು. ಸುಗ್ಗಿಯಲ್ಲಿ ಜೋಳ, ಶೇಂಗಾ. ಹಡಗಲಿ ಕಡೆಯವರಾದರೆ “ಅಮ್ಮಾರಿಗೆ” ಅಂತ ಮಲ್ಲಿಗೆ ದಂಡೆ. ಉಳಿದದ್ದು ಉದ್ರಿ. ಕೊಟ್ಟರೂ ಕೊಡದಿದ್ದರೂ ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಮಾತ್ರ ತಪ್ಪದು: “ಪಥ್ಯ ಏನ್ರೀ?”

“ಖಾರ ಕಮ್ಮಿ ಮಾಡು” ಅನ್ನುವರು ಡಾಕ್ಟರು.

ಈ ಸೀಮೆಯವರಿಗೆ ಹೇಳುವ ಮಾತೇ ಇದು? ಮೈಲಾರದ ಗೊರವಪ್ಪ ಬಿಲ್ಲೇರಿ ನುಡಿದ ಕಾರಣಿಕದ ಭವಿಷ್ಯವನ್ನು ಮಳೆಗೆ ಒಬ್ಬರು, ರಾಜಕೀಯಕ್ಕೆ ಇನ್ನೊಬ್ಬರು ಬಿಡಿಸುವ ಹಾಗೆ, ಮನೆಯಲ್ಲಿ ಡಾಕ್ಟರ ಮಾತಿಗೆ ಅರ್ಥ ಹಚ್ಚುವ ಕೆಲಸ ಶುರು. ಅವರು ಹೇಳಿದ್ದು ಕೆಂಪು ಖಾರ, ಹಸಿಮೆಣಸಿನಕಾಯಿಗೆ ಅಡ್ಡಿಯಿಲ್ಲ ಅಂತ ಸೊಸೆ. ಕಮ್ಮಿ ಮಾಡು ಅಂದರೆ ಪೂರಾ ಬಿಡು ಅಂತಲ್ಲ ಅಂತ ಮಗ. ಕೊನೆಗೆ ಅಜ್ಜಿಯ ತೀರ್ಪು: “ಮಿರ್ಚಿ ತಿನ್ಲಿ ಬಿಡ್ರೋ, ಅದು ಕಡ್ಲಿಹಿಟ್ಟು.” ರೋಗಿ ಎರಡು ಮಿರ್ಚಿ ತಿಂದು, ಮೇಲೆ ಒಂದು ಕಚ್ಚು ಕೆಂಪು ಔಷಧಿ ಕುಡಿದು ಮಲಗಿದರೆ ನಾಲ್ಕು ದಿನಕ್ಕೆ ಎದ್ದು ಓಡಾಡುತ್ತಿದ್ದ. ಹೆಸರು ಡಾಕ್ಟರಿಗೆ ಬರುತ್ತಿತ್ತು; ಅಜ್ಜಿಗೆ ಅದರ ಬಗ್ಗೆ ಕಡೆಯವರೆಗೂ ತಕರಾರಿತ್ತು.