ಸೋಗೆ ಚಪ್ಪರದ ಬೆಳಕು

ಸಿದ್ದಾಪುರ ಸೀಮೆಯಿಂದ,
ವೈಶಾಖ ಮಾಸ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾನು ಕ್ಷೇಮ. ಫೋಟೋ ತೆಗೆಯಲು ಬಂದಿದ್ದ ಮದುವೆ ಚೆನ್ನಾಗಿ ನಡೆಯಿತು. ನಾಳೆ ಗಂಡಿನ ಮನೆಯಲ್ಲಿ ವಧುಪ್ರವೇಶ. ಆಮೇಲೆ ಶಿರಸಿಯಲ್ಲಿ ಸ್ವಲ್ಪ ಕೆಲಸವಿದೆ, ಅದು ಮುಗಿದ ಮೇಲೆ ತಾಳಗುಪ್ಪದಲ್ಲಿ ಮೈಸೂರಿನ ರೈಲು ಹತ್ತುತ್ತೇನೆ.

ಇದು ಹವ್ಯಕರ ಮನೆ. ಎದುರಿಗೆ ಅಡಿಕೆ ತೋಟ, ನಡುವೆ ದೊಡ್ಡ ಅಂಗಳ. ಕಲ್ಯಾಣ ಮಂಟಪ ಬೇಡವೆಂದು ಮನೆಯ ಅಜ್ಜ ಹಟ ಹಿಡಿದರಂತೆ. ಅಂಗಳದಲ್ಲೇ ಅಡಿಕೆ ಮರದ ಕಂಬ ನೆಟ್ಟು ಸೋಗೆ ಹೊದಿಸಿ ಚಪ್ಪರ ಹಾಕಿದ್ದರು. ನೀಲಿ ಟಾರ್ಪಾಲಿನ ಕೆಳಗೆ ಎಲ್ಲರ ಮುಖಕ್ಕೂ ನೀಲಿ ಬಣ್ಣ ಹತ್ತುತ್ತದೆ. ಸೋಗೆಯ ನೆರಳಲ್ಲಿ ಅರಿಸಿನ ಅರಿಸಿನವಾಗಿಯೇ ಕಾಣುತ್ತದೆ. ತೊಂದರೆಯೆಂದರೆ ಸಂದಿಯಿಂದ ಇಳಿಯುವ ಬಿಸಿಲಿನ ಚುಕ್ಕಿಗಳು. ಹಿಂದಿನ ದಿನ, ಮುಹೂರ್ತದ ಹೊತ್ತಿಗೇ ಚಪ್ಪರದಡಿ ನಿಂತು ಬಿಸಿಲು ಬೀಳುವ ಜಾಗ ನೋಡಿಕೊಂಡೆ. ಮಂಟಪದ ನೆತ್ತಿಗೆ ಇನ್ನಷ್ಟು ಸೋಗೆ ಹೊದಿಸಿಕೊಡಿ ಎಂದು ಕೇಳಿದೆ. ಇಡೀ ಮದುವೆಯಲ್ಲಿ ನನಗಾಗಿ ಬದಲಾದದ್ದು ಅದೊಂದೇ.

ಆ ಸಂಜೆ ಊರಿನವರೆಲ್ಲ ತರಕಾರಿ ಹೆಚ್ಚಲು ಬಂದರು. ನಾನೂ ಕ್ಯಾಮೆರಾವನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ಅವರ ಜೊತೆ ಕೂತು ಸೌತೆಕಾಯಿ ಹೆಚ್ಚಿದೆ. ಯಾರ ಕಣ್ಣಿಗೂ ಬೀಳದೆ ಫೋಟೋ ತೆಗೆಯುವುದೆಂದರೆ ಕಂಬದ ಮರೆಯಲ್ಲಿ ಅವಿತು ಕದ್ದು ತೆಗೆಯುವುದಲ್ಲ, ಅಕ್ಕ. ಇವನೊಬ್ಬ ಇಲ್ಲೇ ಇರುತ್ತಾನೆ ಎಂದು ಮನೆಯವರಿಗೆ ಅಭ್ಯಾಸವಾಗಬೇಕು. ಮೊದಮೊದಲು ನಾನು ಕ್ಯಾಮೆರಾ ಎತ್ತಿದರೆ ಹೆಂಗಸರು ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದರು. ರಾತ್ರಿಯ ಹೊತ್ತಿಗೆ "ತಮಾ, ಆಸ್ರಿಗೆ (ಕುಡಿಯಲು) ಎಂತ ಬೇಕು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಮ್ಮ ಮಾತಿಗೆ ಮರಳುತ್ತಿದ್ದರು. ಒಳ್ಳೆಯ ಚಿತ್ರಗಳೆಲ್ಲ ಅಲ್ಲಿಂದ ಮುಂದಿನವು.

ಸಾಮಾನು ಹೆಚ್ಚು ಒಯ್ದಿರಲಿಲ್ಲ. 35 ಮತ್ತು 50 ಮಿ.ಮೀ. ಲೆನ್ಸು ಸಾಕಾದವು, ಫ್ಲ್ಯಾಶ್ ಬ್ಯಾಗಿನಿಂದ ಹೊರಗೇ ಬರಲಿಲ್ಲ. ಒಳಮನೆಯಲ್ಲಿ ಮಾತ್ರ ಎಚ್ಚರ ಬೇಕಾಯಿತು. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ವೇಗ ಹೆಚ್ಚಿಟ್ಟರೆ ಚಿತ್ರದ ತುಂಬ ಪಟ್ಟೆಗಳು. ಶಟರನ್ನು 1/100ಕ್ಕೆ ಇಳಿಸಿ, ಐಎಸ್‌ಒ 3200ಕ್ಕೆ ಏರಿಸಿದೆ. ಚಿತ್ರ ತುಸು ಕಾಳುಕಾಳಾಗುತ್ತದೆ, ಆಗಲಿ. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರನ್ನು ಅವರವರ ಕೆಲಸದ ನಡುವೆಯೇ ಚಿತ್ರಿಸಿದವರು. ಆ ಚಿತ್ರಗಳ ಎದುರು ನಿಂತು ಕಾಳು ಎಷ್ಟಿದೆ ಎಂದು ಯಾರು ಎಣಿಸುತ್ತಾರೆ?

ಧಾರೆಯ ಹೊತ್ತಿಗೆ ಪುರೋಹಿತರ ಪಕ್ಕ, ನೆಲದ ಮೇಲೆ ಕೂತಿದ್ದೆ. ನಿಂತರೆ ಹಿಂದಿದ್ದ ಅಜ್ಜಿಯರಿಗೆ ನನ್ನ ಬೆನ್ನೇ ಮದುವೆ. ಸೋದರಮಾವ ಹುಡುಗಿಯನ್ನು ಕರೆತಂದರು. ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಬಿತ್ತು. ಆ ಕ್ಷಣದಲ್ಲಿ ಎಲ್ಲರೂ ವಧೂವರರನ್ನೇ ನೋಡುತ್ತಾರೆ. ಹುಡುಗಿಯ ತಂಗಿ ಮಾತ್ರ ತಾಯಿಯ ಮುಖ ನೋಡುತ್ತಿದ್ದಳು. ನಾನು ಅವಳನ್ನು ತೆಗೆದೆ. ಅದು ಈ ಮದುವೆಯ ಅತ್ಯುತ್ತಮ ಚಿತ್ರವೆಂಬುದರಲ್ಲಿ ನನಗೆ ಅನುಮಾನವೇ ಇಲ್ಲ. "ಇತ್ತ ನೋಡಿ" ಎಂದು ಕೂಗಿದ್ದರೆ ಅದು ಸಿಗುತ್ತಿತ್ತೇ? ಧಾರೆ ಎರೆದ ಅಪ್ಪ, ಕೈ ಒರೆಸಿಕೊಳ್ಳುತ್ತಲೇ, ದಿಬ್ಬಣದ ವಾಹನಗಳ ಡ್ರೈವರುಗಳಿಗೆ ಎಲೆ ಹಾಕಿದರೋ ಇಲ್ಲವೋ ನೋಡಲು ಹೋದರು. ಅವರ ಹಿಂದೆ ನಾನೂ ಹೋದೆ.

ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಹೆಂಗಸರು ಹಾಡಲು ಶುರುಮಾಡಿದರು. ತಾಯಿಗೆ ಅಳು ತಡೆಯಲಾಗಲಿಲ್ಲ. ಹತ್ತಿರ ಹೋಗಿ ಲೆನ್ಸು ಹಿಡಿಯಬಹುದಿತ್ತು. ನಾನು ಜಗಲಿಯಲ್ಲೇ ನಿಂತು, ಹಾಡುವವರೆಲ್ಲ ಚಿತ್ರದೊಳಗೆ ಬರುವಂತೆ ದೂರದಿಂದ ತೆಗೆದೆ, ಆಮೇಲೆ ಕ್ಯಾಮೆರಾ ಇಳಿಸಿದೆ. ಒಬ್ಬರ ದುಃಖವನ್ನು ಎಷ್ಟು ಹತ್ತಿರದಿಂದ ನೋಡಬಹುದು ಎಂಬುದನ್ನು ಆ ಮನೆಯವರ ನಡುವೆ ಇದ್ದೇ ತಿಳಿಯಬೇಕು. ಮಾರನೆಯ ಬೆಳಿಗ್ಗೆ ಕೆಲವು ಚಿತ್ರಗಳನ್ನು ಆ ತಾಯಿಗೇ ತೋರಿಸಿದೆ. ಒಂದು ಬೇಡವೆಂದರು, ಅಳಿಸಿದೆ.

ಅಕ್ಕ, ಈಗ ನಮ್ಮ ಪುಟ್ಟಿಯ ಮದುವೆಯ ಮಾತು. ಡ್ರೋನು, ನಾಲ್ಕು ಕಡೆ ಲೈಟು ಎಂದೆಲ್ಲ ಭಾವ ಮಾತಾಡುತ್ತಿದ್ದರೆಂದು ಕೇಳಿದೆ. ಅಷ್ಟು ಬೆಳಕು ಕಣ್ಣಿಗೆ ಹೊಡೆದರೆ ಹಸೆಮಣೆಯ ಮೇಲೆ ಕೂತವರು ಬಂದವರ ಮುಖ ಕಾಣುವುದಾದರೂ ಹೇಗೆ? ಕ್ಯಾಮೆರಾಕ್ಕಾಗಿ ಮತ್ತೊಮ್ಮೆ ಹಾರ ಹಾಕಿಸುವುದು, ತಾಳಿ ಹಿಡಿದು ನಿಲ್ಲಿಸುವುದು ಖಂಡಿತ ಬೇಡ. ಮನೆಯವರೆಲ್ಲ ಸಾಲಾಗಿ ನಿಂತ ಫೋಟೋ ಬೇಕೇ ಬೇಕು. ಮುಂದೆ ಮಕ್ಕಳು ಮೊಮ್ಮಕ್ಕಳು ಯಾರು ಯಾರೆಂದು ಗುರುತಿಸುವುದು ಅದರಲ್ಲೇ. ಊಟವಾದ ಮೇಲೆ ಅದಕ್ಕೆ ಅರ್ಧ ಗಂಟೆ ಮೀಸಲಿಡೋಣ. ಉಳಿದ ಹೊತ್ತು ಮದುವೆ ತನ್ನ ಪಾಡಿಗೆ ನಡೆಯಲಿ. ಭಾವನಿಗೆ ಈ ಕಾಗದ ಓದಿ ಹೇಳು, ನಾನು ಬರುವ ತನಕ ಯಾರಿಗೂ ಮುಂಗಡ ಕೊಡಬೇಡಿ.

ಇಂತಿ ನಿನ್ನ ತಮ್ಮ