ಎಂಟು ಚೀಲ ಕಾಳುಮೆಣಸು

ಹಾಸ್ಟೆಲ್‌ನಲ್ಲಿ ನಾವು ಮೂವರು ಒಂದೇ ರೂಮು. ನಮ್ಮಲ್ಲೊಬ್ಬ ಸಕಲೇಶಪುರದ ಕಡೆಯವನು. ಉಳಿದಿಬ್ಬರಿಗೆ ಕಾಳುಮೆಣಸು ಅಂದ್ರೆ ಪೊಂಗಲ್‌ನಲ್ಲಿ ಪಕ್ಕಕ್ಕೆ ತೆಗೆದಿಡೋ ವಸ್ತು, ಅಷ್ಟೆ. ಫೆಬ್ರವರಿಯ ಒಂದು ಶನಿವಾರ ಅವನ ಮನೆಗೆ ಹೋದೆವು.

ನಾವು ಹೋದ ಹೊತ್ತಿಗೆ ವ್ಯಾಪಾರಿ ಬಂದಿದ್ದರು. ಒಂದು ಚೀಲಕ್ಕೆ ಕೈ ಹಾಕಿ, ಹಿಡಿ ಕಾಳು ತೆಗೆದು ಮಾಯಿಶ್ಚರ್ ಮೀಟರ್‌ಗೆ ಸುರಿದರು. 14 ತೋರಿಸ್ತು. "12 ದಾಟಿದ್ರೆ ಬೂಸ್ಟು ಬರುತ್ತೆ. ಕೆಜಿಗೆ 25 ರೂಪಾಯಿ ಕಮ್ಮಿ" ಅಂದರು. ಎಂಟು ಚೀಲ, ಚೀಲಕ್ಕೆ 50 ಕೆಜಿ. ಲೆಕ್ಕ ಹಾಕೋಕೆ ಎಂಜಿನಿಯರಿಂಗ್ ಬೇಕಿರಲಿಲ್ಲ, 10,000 ರೂಪಾಯಿ ಹೋಗ್ತಿತ್ತು. ನಮ್ಮವನ ಮೆಸ್ ಬಿಲ್ಲು ಇನ್ನೂ ಬಾಕಿ ಇತ್ತು.

ಅಂಕಲ್ "ಸೋಮವಾರ ಬನ್ನಿ" ಅಂತಷ್ಟೇ ಹೇಳಿ ಕಳಿಸಿದರು. ರಾತ್ರಿ ಊಟಕ್ಕೆ ಕೂತಾಗ ಬೈದಿದ್ದು ವಿಯೆಟ್ನಾಂಗೆ. ನಾವೂ ಜೋರಾಗಿ ಸೇರಿಕೊಂಡೆವು.

ಬೈಯೋಕೆ ಕಾರಣ ಇಲ್ಲ ಅಂತಲ್ಲ. ನಮ್ಮ ಪಶ್ಚಿಮ ಘಟ್ಟದ ಬಳ್ಳಿ ಇದು. ಆದರೆ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಜಗತ್ತಿಗೆ ಅತಿ ಹೆಚ್ಚು ಕಾಳುಮೆಣಸು ಮಾರ್ತಿರೋದು ವಿಯೆಟ್ನಾಂ. ಅವರ ಮಾಲು ಶ್ರೀಲಂಕಾ ದಾರಿಯಲ್ಲಿ ಇಲ್ಲಿಗೂ ಬರುತ್ತೆ ಅನ್ನೋದು ಬೆಳೆಗಾರರ ಹಳೇ ದೂರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಅದು ನಮ್ಮ ಬಾಗಿಲಿಗೆ ಹಾಕಿದ ಚಿಲಕ. ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತು ಕೊಳ್ಳೋನಿಗೆ ಆ ಚಿಲಕ ಲೆಕ್ಕಕ್ಕಿಲ್ಲ. ಅವನ ಮುಂದೆ ಎರಡು ದೇಶದ ಮಾಲೂ ಇರುತ್ತೆ.

ನಮ್ಮ 'ಮಲಬಾರ್' ಮೆಣಸಿಗೆ ಹೆಸರಿದೆ. ವಿಯೆಟ್ನಾಂನದು ಲೀಟರಿಗೆ 500 ಗ್ರಾಂ, 550 ಗ್ರಾಂ ಅಂತ ನಂಬರ್ ಮೇಲೆ ಮಾರಾಟ ಆಗುತ್ತೆ. ಒಂದು ಲೀಟರ್ ಅಳತೆ ಕಾಳು ಎಷ್ಟು ತೂಗುತ್ತೆ ಅಂತ. ಜೊಳ್ಳು ಜಾಸ್ತಿ ಇದ್ರೆ ತೂಕ ಕಮ್ಮಿ. ಹಾಗಂತ ಹೆಸರಿದ್ದ ಕಡೆ ಎಲ್ಲವೂ ಸರಿ ಇತ್ತು ಅಂತಲೂ ಅಲ್ಲ. 2012ರ ಕೊನೆಯಲ್ಲಿ ಕೊಚ್ಚಿಯ ಗೋಡೌನ್‌ಗಳಲ್ಲಿ ಸಾವಿರಾರು ಟನ್ ಕಾಳುಮೆಣಸನ್ನು ಮಿನರಲ್ ಆಯಿಲ್ ಬೆರೆತಿದೆ ಅಂತ ಸೀಲ್ ಮಾಡಿದ್ದರು. ಕಾಳು ಹೊಳೀಲಿ ಅಂತ ಹಚ್ಚೋ ಎಣ್ಣೆ ಅದು.

ಭಾನುವಾರ ಪಕ್ಕದ ಎಸ್ಟೇಟಿನಿಂದ ಮೀಟರ್ ಇಸ್ಕೊಂಡು ಬಂದು ಎಂಟೂ ಚೀಲ ಅಳೆದೆವು. 10.5, 11, 10.8, 15, 14.2, 11.2, 13.8, 10.9. ಸರಾಸರಿ 12.2. ಕ್ಲಾಸಲ್ಲಿ ಕಂಟ್ರೋಲ್ ಚಾರ್ಟ್ ಹೇಳಿಕೊಟ್ಟಾಗ ನಾವು ಹಿಂದಿನ ಬೆಂಚಲ್ಲಿ ಮಲಗಿದ್ದವರು. ಅದು ಅರ್ಥವಾಗಿದ್ದು ಆವತ್ತು, ಚೀಲದ ಮುಂದೆ ಕೂತು. ಐದು ಚೀಲ ಯಾವ ದೇಶದ ಮಾಲಿಗೂ ಸಮ. ಮೂರು ಚೀಲ ಎಂಟನ್ನೂ ಮುಳುಗಿಸಿದ್ದವು. ದೂರದ ಖರೀದಿದಾರ ಪ್ರತಿ ಚೀಲ ಬಿಚ್ಚಿ ನೋಡಲ್ಲ. ಎಲ್ಲ ಚೀಲವೂ ಒಂದೇ ಥರ ಇರುತ್ತೆ ಅನ್ನೋ ನಂಬಿಕೆಗೇ ಅವನು ದುಡ್ಡು ಕೊಡೋದು.

"ಇದನ್ನ ಅಪ್ಪನ ಮುಂದೆ ಹೇಳ್ಬೇಡ್ರೋ" ಅಂದ ನಮ್ಮವನು. ಮುಖ ಕೆಂಪಾಗಿತ್ತು. ಆದರೂ ಹೇಳಿದೆವು.

ಅಂಕಲ್ ಸಿಟ್ಟಾಗಲಿಲ್ಲ. "ಆ ಮೂರು ಕಣದ ಮೂಲೇದು ಮಾರಾಯ. ಮಧ್ಯಾಹ್ನದ ಮೇಲೆ ಅಲ್ಲಿಗೆ ಸಿಲ್ವರ್ ಓಕ್ ನೆರಳು. ನಂಗೊತ್ತಿಲ್ವಾ? ಕುದಿಯೋ ನೀರಲ್ಲಿ ಒಂದು ನಿಮಿಷ ಅದ್ದಿ ತೆಗೆದ್ರೆ ಬೇಗ ಒಣಗುತ್ತೆ ಅನ್ನೋದೂ ಗೊತ್ತು. ಕಾಫಿ ಕೊಯ್ಲೂ ಈಗ್ಲೇ. ಆಳೆಲ್ಲಿ?" ಅಂದರು. ವಿಯೆಟ್ನಾಂನಲ್ಲಿ ಹೆಚ್ಚಾಗಿ ಸಾಲು ಕಂಬಕ್ಕೆ ಹಬ್ಬಿಸಿದ ಬಳ್ಳಿಯದೇ ತೋಟ; ಇಲ್ಲಿ ಮೆಣಸು ಕಾಫಿ ತೋಟದ ಬಾಡಿಗೆದಾರ. ನಮಗೆ ಉತ್ತರ ಇರಲಿಲ್ಲ. ಕುಂಟೆ ಹಿಡಿದು ಆ ಮೂರು ಚೀಲ ಕಣದ ನಡುವೆ ಹರಡಿದೆವು.

ಸೋಮವಾರ ಕ್ಲಾಸಿಗೆ ಚಕ್ಕರ್. ಒಣಗಿದ ಐದು ಚೀಲದ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದಿಟ್ಟಿದ್ದೆವು. ವ್ಯಾಪಾರಿ ಐದನ್ನೂ ಅಳೆದು, ನಕ್ಕು, ಪೂರ್ತಿ ರೇಟು ಕೊಟ್ಟರು. ಅವರ ಪಿಕಪ್‌ನಲ್ಲೇ ನಾವೂ ಪೇಟೆಗೆ ಹೊರಟೆವು. ಬಸ್‌ಸ್ಟ್ಯಾಂಡಿಗೆ ಮೊದಲು ಅವರ ಗೋಡೌನ್ ಸಿಗುತ್ತೆ. ಅಲ್ಲಿ ಹುಡುಗರು ನಮ್ಮ ಚೀಲ ಬಿಚ್ಚಿ, ಆಗಲೇ ಸೊಂಟದೆತ್ತರ ಇದ್ದ ರಾಶಿಗೆ ಸುರಿದರು. ಯಾರ್ಯಾರ ತೋಟದ್ದೋ, ಎಷ್ಟೆಷ್ಟು ತೇವದ್ದೋ.

ನಂಬರ್ ಬರೆದ ಖಾಲಿ ಚೀಲಗಳನ್ನು ಮಡಚಿ ವಾಪಸ್ ಕೊಟ್ಟರು. ನಮ್ಮವನು ಅವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಸ್ ಹತ್ತಿದ.