ಸ್ಕ್ರೀನ್ ಮೇಲಿನ ಹಳೇ ಕಂಪ್ರೆಸರ್

1/4

ಫೋಟೋದಲ್ಲಿರೋ ಬೆಳ್ಳಿ ಬಣ್ಣದ ಪೆಟ್ಟಿಗೆ ನಿಜವಾದ ಪೆಟ್ಟಿಗೆ ಅಲ್ಲ, ನನ್ನ ಲ್ಯಾಪ್‌ಟಾಪ್‌ನ ಸ್ಕ್ರೀನ್‌ಶಾಟ್. ಎರಡು ದೊಡ್ಡ ನಾಬ್, ನಡುವೆ ಮುಳ್ಳಿನ ಮೀಟರ್, ಮೂಲೆಗಳಲ್ಲಿ ಸ್ಕ್ರೂ ಕೂಡ ಬಿಡಿಸಿದ್ದಾರೆ. ಕೆಲವು ಪ್ಲಗಿನ್‌ಗಳಲ್ಲಿ ತುಕ್ಕಿನ ಕಲೆ, ಗೀರು ಎಲ್ಲಾ ಇರುತ್ತೆ. ತುಕ್ಕಿಗೂ ಡಿಸೈನರ್ ಸಂಬಳ ತಗೊಂಡಿರ್ತಾನೆ ಅಂತ ನೆನೆಸಿಕೊಂಡರೆ ನಗು ಬರುತ್ತೆ.

ಈ ಸರಣಿ ಬರೆಯೋಕೆ ಕಾರಣ ಒಬ್ಬ ಗೆಳೆಯನ ಒಂಬತ್ತು ಸಾವಿರ ರೂಪಾಯಿ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು, ಕಂಪ್ರೆಸರ್ ಅಂದ್ರೆ ಏನು? (ಫ್ರಿಜ್‌ದು ಅಲ್ಲ. ಹೋದ ಸಲ ಸ್ಟೋರಿ ಹಾಕಿದಾಗ ಮೂರು ಜನ ಅದನ್ನೇ ಕೇಳಿದ್ರಿ.)

ಊರ ಹಬ್ಬದಲ್ಲಿ ಹರಿಕಥೆ ಕೇಳಿದ್ದೀರಲ್ಲ? ದಾಸರು ಒಮ್ಮೆ ಗುಡುಗ್ತಾರೆ, ಮರುಕ್ಷಣವೇ ಪಿಸುಗುಟ್ತಾರೆ. ಪಕ್ಕದಲ್ಲಿ ಮೈಕ್ ಸೆಟ್‌ನವರು ಕೂತಿರ್ತಾರೆ, ಬೆರಳು ಫೇಡರ್ ಮೇಲೆ. ದಾಸರು ಕೂಗಿದಾಗ ಇಳಿಸ್ತಾರೆ, ತಗ್ಗಿದಾಗ ಏರಿಸ್ತಾರೆ. ಹಿಂದಿನ ಸಾಲಿನ ಅಜ್ಜಿಗೂ ಎಲ್ಲಾ ಕೇಳಿಸುತ್ತೆ. ಆ ಬೆರಳಿನ ಕೆಲಸವನ್ನ ಒಂದು ಸರ್ಕ್ಯೂಟ್ ಮಾಡಿದರೆ ಅದೇ ಕಂಪ್ರೆಸರ್. ಜೋರಾದದ್ದನ್ನ ತಾನೇ ತಗ್ಗಿಸುತ್ತೆ, ಆಮೇಲೆ ನಾವು ಒಟ್ಟು ವಾಲ್ಯೂಮ್ ಏರಿಸಿಕೊಳ್ತೀವಿ.

ಎಲ್ಲಾ ಮೈಕ್ ಸೆಟ್‌ನವರ ಬೆರಳೂ ಒಂದೇ ತರ ಇರಲ್ಲ. ಒಬ್ಬರದು ಚುರುಕು, ಇನ್ನೊಬ್ಬರದು ನಿಧಾನ. ಹಳೇ ಕಂಪ್ರೆಸರ್‌ಗಳ ಕಥೆಯೂ ಅಷ್ಟೇ.

2/4

ಚುರುಕು ಬೆರಳಿನದು 1176. ಅಮೆರಿಕದ ಬಿಲ್ ಪಟ್ನಮ್ 1967ರಲ್ಲಿ ತಂದ ಯಂತ್ರ. ಒಳಗೆ ಕೆಲಸ ಮಾಡೋದು ಒಂದು ಟ್ರಾನ್ಸಿಸ್ಟರ್. ಅದು 20 ಮೈಕ್ರೋಸೆಕೆಂಡ್‌ನಲ್ಲಿ ಶಬ್ದವನ್ನ ಹಿಡಿದು ಬಿಡುತ್ತೆ, ಅಂದ್ರೆ ಒಂದು ಸೆಕೆಂಡಿನ ಐವತ್ತು ಸಾವಿರದಲ್ಲಿ ಒಂದು ಭಾಗ. ಇದರ ಅಟ್ಯಾಕ್ ನಾಬ್ ಉಲ್ಟಾ: ಬಲಕ್ಕೆ ತಿರುಗಿಸಿದಷ್ಟೂ ವೇಗ ಜಾಸ್ತಿ. ಹೊಸಬರೆಲ್ಲಾ ಇಲ್ಲಿ ಕಕ್ಕಾಬಿಕ್ಕಿ. ಎಷ್ಟು ಒತ್ತಬೇಕು ಅನ್ನೋದಕ್ಕೆ ನಾಲ್ಕು ಬಟನ್: 4, 8, 12, 20. ಯಾರೋ ಪುಣ್ಯಾತ್ಮರು ನಾಲ್ಕನ್ನೂ ಒಟ್ಟಿಗೆ ಒತ್ತಿ ನೋಡಿದ್ರು, ಡ್ರಮ್ ಕೆರಳಿದ ಹಾಗೆ ಕೇಳಿಸ್ತು. ಆ ಕಿತಾಪತಿಯೇ ಒಂದು ಶೈಲಿಯಾಗಿ ಉಳೀತು. ಇವತ್ತಿನ ಸಾಫ್ಟ್‌ವೇರ್ ನಕಲುಗಳಲ್ಲೂ ಅದನ್ನ ಕಷ್ಟಪಟ್ಟು ಕೂಡಿಸಿದ್ದಾರೆ.

ನಿಧಾನದ ಬೆರಳು ಎಲ್‌ಎ-2ಎ, 1960ರ ದಶಕದ್ದು. ನನಗೆ ತುಂಬಾ ಇಷ್ಟವಾದದ್ದು ಇದೇ. ಇದರೊಳಗೆ ಒಂದು ಪುಟ್ಟ ಬೆಳಕಿನ ಫಲಕ, ಅದರ ಎದುರಿಗೆ ಬೆಳಕು ಬಿದ್ದಾಗ ಗುಣ ಬದಲಿಸೋ ಒಂದು ರೆಸಿಸ್ಟರ್. ಹಾಡುಗಾರ ಜೋರಾದರೆ ಬೆಳಕು ಹೆಚ್ಚುತ್ತೆ, ಬೆಳಕು ಹೆಚ್ಚಿದರೆ ಶಬ್ದ ತಗ್ಗುತ್ತೆ. ಮಜಾ ಇರೋದು ಬಿಡುವಾಗ. ಹಿಡಿದದ್ದರಲ್ಲಿ ಅರ್ಧವನ್ನ ಸುಮಾರು 60 ಮಿಲಿಸೆಕೆಂಡ್‌ನಲ್ಲಿ ಬಿಡುತ್ತೆ, ಉಳಿದರ್ಧಕ್ಕೆ ಕೆಲವು ಸೆಕೆಂಡ್ ಬೇಕು. ಎಷ್ಟು ಹೊತ್ತು, ಎಷ್ಟು ಜೋರು ಬೆಳಕು ಬಿದ್ದಿತ್ತು ಅನ್ನೋದರ ಮೇಲೆ ಆ ಸಮಯವೂ ಬದಲಾಗುತ್ತೆ. ಬಿಸಿಲಿಂದ ಒಳಗೆ ಬಂದಾಗ ಕಣ್ಣು ಹೊಂದಿಕೊಳ್ಳೋಕೆ ಹೊತ್ತು ಬೇಕಲ್ಲ, ಹಾಗೆ. ಅದಕ್ಕೇ ಹಾಡಿನ ಧ್ವನಿಗೆ ಇದು ಅಷ್ಟು ಚೆನ್ನಾಗಿ ಒಗ್ಗೋದು.

ಇನ್ನು ಚಾನೆಲ್ ಸ್ಟ್ರಿಪ್. ದೊಡ್ಡ ಮಿಕ್ಸಿಂಗ್ ಕನ್ಸೋಲ್‌ನಲ್ಲಿ ಒಂದು ಮೈಕ್‌ಗೆ ಮೇಲಿಂದ ಕೆಳಗೆ ಒಂದು ಉದ್ದ ಪಟ್ಟಿ: ಪ್ರೀಆಂಪ್, ಈಕ್ಯೂ, ಫೇಡರ್. ಇಂಗ್ಲೆಂಡಿನ ರೂಪರ್ಟ್ ನೀವ್ ಅವರ 1073 ಬಂದದ್ದು 1970ರಲ್ಲಿ. ಎಸ್‌ಎಸ್‌ಎಲ್ 4000 ಕನ್ಸೋಲ್‌ನವರು ಪ್ರತಿ ಚಾನೆಲ್‌ಗೂ ಒಂದೊಂದು ಕಂಪ್ರೆಸರ್, ಒಂದೊಂದು ಗೇಟ್ ಕೊಟ್ರು. ಕೋಣೆ ತುಂಬೋ ಆ ಯಂತ್ರದ ಒಂದು ಪಟ್ಟಿ ಈಗ ನಮ್ಮ ಸ್ಕ್ರೀನ್‌ನಲ್ಲಿ ಒಂದು ಕಿಟಕಿ.

3/4

ನಕಲು ಮಾಡೋದು ಹೇಗೆ? ಸರ್ಕ್ಯೂಟ್‌ನ ಒಂದೊಂದು ಭಾಗಕ್ಕೂ ಸಮೀಕರಣ ಬರೆದು, ಅವನ್ನೆಲ್ಲ ಸೆಕೆಂಡಿಗೆ 44,100 ಸಲ ಬಿಡಿಸೋದು ಒಂದು ದಾರಿ. ನಮ್ಮ ಬಿಸಿನೆಸ್ ಮ್ಯಾಥ್ಸ್ ಪೇಪರ್‌ನಲ್ಲಿ ಮೂರು ಗಂಟೆಗೆ ಎಷ್ಟು ಬಿಡಿಸ್ತೀವಿ ಅನ್ನೋದು ಬೇಡ ಬಿಡಿ.

ಪಟ್ನಮ್ ತೀರಿಕೊಂಡ ಹತ್ತು ವರ್ಷದ ಮೇಲೆ, 1999ರಲ್ಲಿ, ಅವರ ಮಕ್ಕಳು ಯೂನಿವರ್ಸಲ್ ಆಡಿಯೋ ಕಂಪನಿಯನ್ನ ಮತ್ತೆ ಶುರು ಮಾಡಿದ್ರು. ಅಪ್ಪನ ಕಾಲದ ಯಂತ್ರಗಳನ್ನ ಲೋಹದಲ್ಲೂ ತಂದ್ರು, ಕೋಡ್‌ನಲ್ಲೂ ತಂದ್ರು. ಅಕೌಂಟ್ಸ್ ಪ್ರಕಾರ ಸವಕಳಿ ಕಳೆದು ಎಂದೋ ಸೊನ್ನೆ ಮುಟ್ಟಬೇಕಾಗಿದ್ದ ಆಸ್ತಿ! ಹಾಗಾಗಿ ನಾನು ಒಂದು ಪ್ಲಗಿನ್ ಬೆಲೆ ನೋಡಿದಾಗ ಮನಸ್ಸಲ್ಲೇ ಎರಡು ಕಾಲಂ ಹಾಕ್ತೀನಿ. ಒಂದರಲ್ಲಿ ಆ ನಿಧಾನವಾಗಿ ಬಿಡೋ ಗುಣ, ಅದು ನಿಜವಾದ ಆಸ್ತಿ. ಇನ್ನೊಂದರಲ್ಲಿ ಗುಡ್‌ವಿಲ್: ಹೆಸರು, ಬೆಳ್ಳಿ ಬಣ್ಣ, ಸ್ಕ್ರೂ.

ಈಗ ಒಂಬತ್ತು ಸಾವಿರದ ವಿಷಯ. ಗೆಳೆಯ ಸಂಜೆ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿ ಮೂರು ತಿಂಗಳಲ್ಲಿ ಕೂಡಿಟ್ಟಿದ್ದು. ಅವನ ತಂಗಿ ಪಿಯುಸಿ, ಚೆನ್ನಾಗಿ ಹಾಡ್ತಾಳೆ. ಯಾರೋ ಒಬ್ಬರು ವಿಡಿಯೋದಲ್ಲಿ "ಈ ಬಂಡಲ್ ಇಲ್ಲದೆ ವಾಯ್ಸ್ ಪ್ರೊಫೆಷನಲ್ ಆಗಲ್ಲ" ಅಂದಿದ್ದಾರೆ. ಅಣ್ಣನಿಗೆ ದುಡ್ಡಿನ ಚಿಂತೆ. ತಂಗಿಯದು ಅದಕ್ಕಿಂತ ದೊಡ್ಡದು. ಪ್ರತಿ ಸಾಲಿನ ಕೊನೆಗೂ ತನ್ನ ಧ್ವನಿ ಕರಗಿ ಹೋಗುತ್ತೆ, ತನಗೆ ಹಾಡೋ ಗಂಟಲೇ ಇಲ್ಲ, ಇನ್ನು ರೆಕಾರ್ಡಿಂಗ್ ಬೇಡ ಅಂತ ಅವಳು ಮೈಕ್ ಮುಂದೆ ನಿಲ್ಲೋದೇ ಬಿಟ್ಟಿದ್ದಳು.

"ಮಗಾ, ತಗೊಳ್ಳಾ ಬೇಡ್ವಾ?" ಅಂತ ಅವನು ಕೇಳಿದ. ಲ್ಯಾಪ್‌ಟಾಪ್ ಹಿಡ್ಕೊಂಡು ಭಾನುವಾರ ಅವರ ಮನೆಗೇ ಹೋದೆ.

4/4

ಅವಳ ಒಂದು ಹಳೇ ರೆಕಾರ್ಡಿಂಗ್ ತಗೊಂಡು ಮೂರು ಫೈಲ್ ಮಾಡಿದೆ. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ರೀಪರ್ ಜೊತೆಗೇ ಬರೋ ರೀಯಾಕಾಂಪ್, ನೋಡೋಕೆ ಟ್ಯಾಲಿ ಸ್ಕ್ರೀನ್ ಇದ್ದಷ್ಟೇ ಚೆಂದ. ಇನ್ನೊಂದಕ್ಕೆ ಅನಲಾಗ್ ಅಬ್ಸೆಷನ್‌ನವರ ಲಾಲಾ, ಎಲ್‌ಎ-2ಎಯ ಉಚಿತ ನಕಲು. ಅಣ್ಣ ತಂಗಿ ಇಬ್ಬರೂ ಸ್ಕ್ರೀನ್‌ಗೆ ಬೆನ್ನು ಹಾಕಿ ಕೂತ್ರು.

ಮೊದಲ ಸುತ್ತಿನಲ್ಲಿ ನಾನು ಬೇಕಂತಲೇ ಒಂದು ಆಟ ಆಡಿದೆ. ಏನೂ ಹಾಕದ ಫೈಲನ್ನ 2 ಡೆಸಿಬಲ್ ಏರಿಸಿದೆ, ಅಷ್ಟೇ. ಇಬ್ಬರೂ ಒಟ್ಟಿಗೆ "ಇದೇ ಪ್ಲಗಿನ್, ಎಷ್ಟು ಕ್ಲಿಯರ್!" ಅಂದ್ರು. ಜೋರಾದಾಗ ಕಿವಿಗೆ ತಗ್ಗು ಸ್ವರವೂ ತೆಳು ಸ್ವರವೂ ಹೆಚ್ಚು ತುಂಬಿದ ಹಾಗೆ ಕೇಳಿಸುತ್ತೆ. 1933ರಲ್ಲೇ ಫ್ಲೆಚರ್, ಮನ್ಸನ್ ಅನ್ನೋ ಇಬ್ಬರು ಇದನ್ನ ಅಳೆದು ಗ್ರಾಫ್ ಹಾಕಿದ್ದಾರೆ. ಆನ್ ಮಾಡಿದ ತಕ್ಷಣ ಚೂರು ಜೋರಾಗೋ ಪ್ಲಗಿನ್ ಯಾಕೆ ಅಷ್ಟು 'ಬೆಚ್ಚಗೆ' ಕೇಳಿಸುತ್ತೆ ಅಂತ ಇನ್ನು ನನ್ನನ್ನ ಕೇಳಬೇಡಿ.

ಎರಡನೇ ಸುತ್ತು, ಮೂರೂ ಒಂದೇ ಮಟ್ಟದಲ್ಲಿ. ಈಗ ಇಬ್ಬರಿಗೂ ತಬ್ಬಿಬ್ಬು. ಪಲ್ಲವಿಯಲ್ಲಿ ರೀಯಾಕಾಂಪ್, ಲಾಲಾ ಎರಡರ ವ್ಯತ್ಯಾಸ ಸಿಗಲೇ ಇಲ್ಲ. ಎಳೆದು ನಿಲ್ಲಿಸೋ ಸಾಲುಗಳಲ್ಲಿ ಮಾತ್ರ ತಂಗಿ ಪ್ರತಿ ಸಲವೂ ಲಾಲಾನೇ ಆರಿಸಿದಳು. ಹಾಗಾಗಿ 'ಎಲ್ಲಾ ಬರೀ ಚಿತ್ರ' ಅಂತ ಹೇಳೋದೂ ಸುಳ್ಳು. ಬೆಳಕಿನ ಫಲಕದ ಆ ನಿಧಾನವನ್ನ ಕೋಡ್ ನಿಜಕ್ಕೂ ಹಿಡಿದಿದೆ. ರೀಯಾಕಾಂಪ್‌ನಲ್ಲೂ ಹತ್ತಿರ ತರಬಹುದಿತ್ತೇನೋ, ಆದರೆ ಅದರಲ್ಲಿ ತಿರುಗಿಸೋಕೆ ಹದಿನೈದು ವಿಷಯ, ಇದರಲ್ಲಿ ಮುಖ್ಯವಾಗಿ ಎರಡೇ ನಾಬ್. ಹಳೇ ಯಂತ್ರಗಳ ನಕಲು ನನಗೆ ಹಿಡಿಸೋದು ಇಲ್ಲಿ. 1073ರ ಮೇಲಿನ ಈಕ್ಯೂ 12 ಕಿಲೋಹರ್ಟ್ಸ್‌ನಲ್ಲೇ ಗಟ್ಟಿ ಕೂತಿದೆ. ಬೇಕಾ ಬೇಡವಾ ಅಂತ ಮಾತ್ರ ನಿರ್ಧಾರ ಮಾಡಿ ಮುಂದೆ ಹೋಗಬಹುದು.

ದೋಷವೂ ಇದೆ. 10 ಕಿಲೋಹರ್ಟ್ಸ್ ಸ್ವರಕ್ಕೆ ಪ್ಲಗಿನ್ ಮೂರು ಪಟ್ಟಿನ ಉಪಸ್ವರ ಹುಟ್ಟಿಸಿದರೆ 30 ಆಗಬೇಕು. 44.1ರ ಪ್ರಾಜೆಕ್ಟ್‌ನಲ್ಲಿ 22.05ಕ್ಕಿಂತ ಮೇಲೆ ಜಾಗ ಇಲ್ಲ, ಅದು ಮಡಚಿಕೊಂಡು 14.1ರಲ್ಲಿ ಬಂದು ಬೀಳುತ್ತೆ, ಹಾಡಿಗೆ ಸಂಬಂಧವೇ ಇಲ್ಲದ ಸ್ವರವಾಗಿ. ಲೋಹದ ಪೆಟ್ಟಿಗೆಗೆ ಈ ಕಾಯಿಲೆ ಇಲ್ಲ. ಓವರ್‌ಸ್ಯಾಂಪ್ಲಿಂಗ್ ಬಟನ್ ಇದ್ದರೆ ಒತ್ತಿ, ಲ್ಯಾಪ್‌ಟಾಪ್ ಫ್ಯಾನ್ ಕಿರುಚಿದರೂ ಸಹಿಸಿಕೊಳ್ಳಿ. ಇನ್ನೊಂದು, ಬಹಳಷ್ಟು ನಕಲುಗಳು ಸುಮಾರು ಮೈನಸ್ 18ರ ಮಟ್ಟ ಬರುತ್ತೆ ಅಂತ ಕಾಯ್ತಿರ್ತವೆ. ಕೆಂಪು ಮುಟ್ಟೋ ಹಾಗೆ ರೆಕಾರ್ಡ್ ಮಾಡಿ ಒಳಗೆ ತಳ್ಳಬೇಡಿ.

ಆಮೇಲೆ ಲಾಲಾನ ಜೋರಾಗಿ ಒತ್ತಿ, ಸುಮಾರು 10 ಡೆಸಿಬಲ್ ಇಳಿಸಿ, ಅಷ್ಟನ್ನೇ ಮತ್ತೆ ಏರಿಸಿದೆ. ಸಾಲಿನ ಕೊನೆಗಳೆಲ್ಲಾ ಎದ್ದು ಬಂದವು. ಜೊತೆಗೆ ಸೀಲಿಂಗ್ ಫ್ಯಾನ್, ಅಡುಗೆಮನೆಯ ಕುಕ್ಕರ್ ಕೂಡ. ಅಣ್ಣ ನಗ್ತಿದ್ದ. ತಂಗಿ ನಗಲಿಲ್ಲ. "ಇನ್ನೊಂದ್ಸಲ ಹಾಕಿ" ಅಂದಳು. ಮತ್ತೆ ಹಾಕಿದೆ. ಕರಗಿ ಹೋಗುತ್ತೆ ಅಂದುಕೊಂಡಿದ್ದ ಜಾಗದಲ್ಲಿ ಅವಳ ಧ್ವನಿ ನಡುಗಿರಲಿಲ್ಲ, ಶ್ರುತಿ ಬಿಟ್ಟಿರಲಿಲ್ಲ. ಬರೀ ಸಣ್ಣಗಿತ್ತು. ಮುಖವನ್ನ ಮೈಕ್‌ನಿಂದ ಹೊರಳಿಸ್ತಿದ್ದಳು, ಅಷ್ಟೇ.

ಫ್ಯಾನ್ ಆಫ್ ಮಾಡಿ, ಗೋಡೆಗೆ ಎರಡು ರಗ್ಗು ನೇತು ಹಾಕಿ ಹೊಸದಾಗಿ ಹಾಡಿಸಿದ್ವಿ. ಈ ಸಲ 3 ಡೆಸಿಬಲ್ ಇಳಿಸಿದ್ದೇ ಸಾಕಾಯ್ತು. ಗೆಳೆಯ ಮೈಕ್ ಸ್ಟ್ಯಾಂಡ್, ಪಾಪ್ ಫಿಲ್ಟರ್ ತಗೊಂಡ. ಉಳಿದ ದುಡ್ಡು ಸದ್ಯಕ್ಕೆ ಬ್ಯಾಂಕ್‌ನಲ್ಲಿದೆ. ನವೆಂಬರ್ ಸೇಲ್ ಬಂದಾಗ ಅವನ ಕೈ ಕಟ್ಟಿಹಾಕೋಕೆ ನನ್ನಿಂದ ಆಗಲ್ಲ.

ಅವಳನ್ನ ಕೇಳಿಯೇ ಎರಡು ಕ್ಲಿಪ್ ಹಾಕಿದ್ದೀನಿ, ಸ್ವೈಪ್ ಮಾಡಿ. ಎರಡೂ ಹೊಸ ರೆಕಾರ್ಡಿಂಗ್, ಎರಡೂ ಒಂದೇ ಮಟ್ಟ. ಒಂದು ರೀಯಾಕಾಂಪ್, ಒಂದು ಲಾಲಾ. ಇಯರ್‌ಫೋನ್ ಹಾಕಿಕೊಂಡು ಕೇಳಿ, ಯಾವುದು ಯಾವುದು ಅಂತ ಕಾಮೆಂಟ್‌ನಲ್ಲಿ ಬರೀರಿ. ಉತ್ತರ ಭಾನುವಾರ ರಾತ್ರಿ ಸ್ಟೋರಿಯಲ್ಲಿ, ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್‌ಗೆ ಓದೋದು ಮುಗಿದ್ರೆ.